ಫಾರ್ಮ್ಯಾಟ್ ಬದಲಿಸಿದಾಗ ಉಪಗ್ರಹ ಚಿತ್ರದ ವಿವರಗಳು ಎಲ್ಲಿಗೆ ಹೋಗುತ್ತವೆ?

ಪ್ರಶ್ನೆ: ಜಿಯೋಟಿಫ್ (ನೆಲದ ಮೇಲಿನ ಸ್ಥಾನವನ್ನೂ ಹೊತ್ತಿರುವ ಟಿಫ್) ಚಿತ್ರವೊಂದನ್ನು ಜಿಡಾಲ್ (ಇಂಥ ಚಿತ್ರಗಳ ಫಾರ್ಮ್ಯಾಟ್ ಬದಲಿಸುವ ತಂತ್ರಾಂಶ) ಬಳಸಿ ಜೆಪೆಗ್ 2000 ಎಂಬ ಇನ್ನೊಂದು ಚಿತ್ರ ಫಾರ್ಮ್ಯಾಟಿಗೆ ಬದಲಿಸಿದೆ. ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಸೆರೆಹಿಡಿದ ದಿನಾಂಕ, ಸೆನ್ಸರ್ ಹೆಸರು ಎಲ್ಲವೂ ಕಾಣುತ್ತವೆ. ಅದೇ ಫೈಲನ್ನು ಬೇರೆಯವರಿಗೆ ಕಳಿಸಿದರೆ ಏನೂ ಇಲ್ಲ. ಯಾಕೆ?

ಉತ್ತರ: ನಿಮ್ಮ ಫೋಲ್ಡರಿನಲ್ಲಿ ಚಿತ್ರದ ಪಕ್ಕದಲ್ಲೇ ‘.ಆಕ್ಸ್.ಎಕ್ಸ್‌ಎಂಎಲ್’ ಎಂದು ಕೊನೆಯಾಗುವ ಚಿಕ್ಕ ಫೈಲ್ ಇದೆಯೇ ನೋಡಿ. ವಿವರಗಳು (ಮೆಟಾಡೇಟಾ) ಅದರಲ್ಲಿವೆ. ಚಿತ್ರದ ಒಳಗೆ ಬರೆಯಲಾಗದ್ದನ್ನೂ, ಬರೆಯಲು ನಾವು ಹೇಳದೇ ಇದ್ದದ್ದನ್ನೂ ಜಿಡಾಲ್ ಸದ್ದಿಲ್ಲದೆ ಹೀಗೆ ಹೊರಗಿಡುತ್ತದೆ. ನೀವು ಕಳಿಸಿದ್ದು ಚಿತ್ರವನ್ನು ಮಾತ್ರ.

ಜೆಪೆಗ್ 2000ರಲ್ಲಿ ಸ್ಥಾನದ ಮಾಹಿತಿಯ ದಾರಿ ಬೇರೆ, ಉಳಿದ ವಿವರಗಳ ದಾರಿ ಬೇರೆ. ಓಪನ್‌ಜೆಪೆಗ್ ಡ್ರೈವರ್ (ಜಿಡಾಲ್‌ನಲ್ಲಿ ಈ ಫಾರ್ಮ್ಯಾಟನ್ನು ಓದಿ ಬರೆಯುವ ಭಾಗ) ನಿರ್ದೇಶಾಂಕಗಳನ್ನು ‘ಜಿಯೋಜೆಪಿ2’, ‘ಜಿಎಂಎಲ್‌ಜೆಪಿ2’ ಎಂಬ ಎರಡು ಬಾಕ್ಸ್‌ಗಳಲ್ಲಿ (ಫೈಲಿನೊಳಗಿನ ಮಾಹಿತಿ ಖಾನೆಗಳಲ್ಲಿ) ತಾನಾಗಿಯೇ ಬರೆಯುತ್ತದೆ. ದಿನಾಂಕ, ಸೆನ್ಸರ್‌ನಂಥವನ್ನು ಬರೆಯುವುದಿಲ್ಲ. ಅದಕ್ಕೆ ಸ್ಪಷ್ಟವಾಗಿ ಹೇಳಬೇಕು:

ಜಿಡಾಲ್_ಟ್ರಾನ್ಸ್‌ಲೇಟ್ -ಆಫ್ ಜೆಪಿ2ಓಪನ್‌ಜೆಪೆಗ್ -ಸಿಒ ರೈಟ್_ಮೆಟಾಡೇಟಾ=ಯೆಸ್ -ಸಿಒ ಕ್ವಾಲಿಟಿ=100 -ಸಿಒ ರಿವರ್ಸಿಬಲ್=ಯೆಸ್ ಮೂಲ.ಟಿಫ್ ಹೊಸದು.ಜೆಪಿ2

(ಟರ್ಮಿನಲ್‌ನಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.) ಕೊನೆಯ ಎರಡು ಆಯ್ಕೆಗಳು ಪಿಕ್ಸೆಲ್ ಬೆಲೆಗಳನ್ನು ಕಾಪಾಡಲಿಕ್ಕೆ. ಕ್ವಾಲಿಟಿ ಹೇಳದಿದ್ದರೆ ಅದು 25 ಆಗಿರುತ್ತದೆ, ಬೆಲೆಗಳು ಬದಲಾಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಬೆಳೆ ಅಥವಾ ನೀರಿನ ಸೂಚ್ಯಂಕ ಲೆಕ್ಕ ಹಾಕುವವರಿಗೆ ಆ ಚಿತ್ರವನ್ನು ಕೊಡಲೇಬಾರದು. ಹೆಸರಿನ ಕೊನೆಗೆ ‘.ಜೆ2ಕೆ’ ಕೊಟ್ಟರೂ ಕೆಡುತ್ತದೆ: ಅದು ಬರೀ ಕೋಡ್‌ಸ್ಟ್ರೀಮ್ (ಸಂಕುಚಿತ ಪಿಕ್ಸೆಲ್ ದತ್ತಾಂಶ), ಬಾಕ್ಸ್‌ಗಳೇ ಇರುವುದಿಲ್ಲ, ಸ್ಥಾನವೂ ಒಳಗೆ ಉಳಿಯುವುದಿಲ್ಲ.

ಜೆಪೆಗ್ 2000 ಕಡ್ಡಾಯವಲ್ಲದಿದ್ದರೆ ಜಿಯೋಟಿಫ್‌ನಲ್ಲೇ ಇರಿ ಎಂಬುದು ನಮ್ಮ ಸಲಹೆ. ಡಿಫ್ಲೇಟ್ ಸಂಕೋಚನ ಕೊಟ್ಟರೆ ಬೆಲೆಗಳು ಹಾಗೇ ಉಳಿದು ಗಾತ್ರ ಇಳಿಯುತ್ತದೆ. ಪೂರ್ಣಾಂಕ ಪಿಕ್ಸೆಲ್‌ಗೆ ಪ್ರೆಡಿಕ್ಟರ್ (ಸಂಕೋಚನ ಹೆಚ್ಚಿಸುವ ಆಯ್ಕೆ) 2, ದಶಮಾಂಶಕ್ಕೆ 3. ಹೊಸ ವಿವರ ಸೇರಿಸಲು ‘-ಎಂಒ ಹೆಸರು=ಬೆಲೆ’ ಎಂದು ಎಷ್ಟು ಸಲ ಬೇಕಾದರೂ ಕೊಡಬಹುದು. ಅವು ಟಿಫ್‌ನ 42112ನೇ ಟ್ಯಾಗಿನಲ್ಲಿ (ಟಿಫ್ ಒಳಗಿನ ಸಂಖ್ಯೆ ಹೊತ್ತ ಮಾಹಿತಿ ಖಾನೆಯಲ್ಲಿ) ಎಕ್ಸ್‌ಎಂಎಲ್ ಆಗಿ ಕೂರುತ್ತವೆ. ಆದರೆ ಯಾವ ಟ್ಯಾಗ್‌ಗಳನ್ನು ಬರೆಯಬೇಕೆಂದು ತೀರ್ಮಾನಿಸುವ ಪ್ರೊಫೈಲ್ ಆಯ್ಕೆಯನ್ನು ‘ಜಿಯೋಟಿಫ್’ ಎಂದು ಬದಲಿಸಿದರೆ ಈ ಟ್ಯಾಗ್ ಬರೆಯಲ್ಪಡುವುದಿಲ್ಲ, ವಿವರಗಳು ಮತ್ತೆ ಪಕ್ಕದ ಫೈಲಿಗೇ ಹೋಗುತ್ತವೆ. ಪ್ರೊಫೈಲ್ ಮುಟ್ಟದಿರುವುದೇ ಒಳ್ಳೆಯದು.

ಮೂಲದಲ್ಲೇ ಸ್ಥಾನವಿಲ್ಲದಿದ್ದರೆ ‘-ಎ_ಎಸ್‌ಆರ್‌ಎಸ್ ಇಪಿಎಸ್‌ಜಿ:4326’ರ (ಅಕ್ಷಾಂಶ, ರೇಖಾಂಶ ವ್ಯವಸ್ಥೆಯ ಸಂಕೇತ) ಜೊತೆಗೆ ‘-ಎ_ಯುಎಲ್‌ಎಲ್‌ಆರ್’ ಕೊಡಿ. ಅದರ ನಾಲ್ಕು ಸಂಖ್ಯೆಗಳ ಕ್ರಮ: ಎಡ, ಮೇಲು, ಬಲ, ಕೆಳಗು. ಇವು ಚಿತ್ರದ ಅಂಚಿನ ಬೆಲೆಗಳು. ವರ್ಲ್ಡ್ ಫೈಲಿನ (ಚಿತ್ರದ ಸ್ಥಾನವನ್ನು ಬರೆದಿಟ್ಟ ಚಿಕ್ಕ ಪಠ್ಯ ಫೈಲು) ಕೊನೆಯ ಎರಡು ಸಾಲುಗಳಾದರೋ ಎಡಮೇಲಿನ ಪಿಕ್ಸೆಲ್‌ನ ನಡುಬಿಂದುವನ್ನು ಹೇಳುತ್ತವೆ. ಅದನ್ನೇ ಇಲ್ಲಿ ತುಂಬಿದರೆ ಚಿತ್ರ ಅರ್ಧ ಪಿಕ್ಸೆಲ್ ಸರಿಯುತ್ತದೆ. ಇನ್ನೊಂದು ಮಾತು: ‘-ಎ_ಎಸ್‌ಆರ್‌ಎಸ್’ ಬರೀ ನಿರ್ದೇಶಾಂಕ ವ್ಯವಸ್ಥೆಯ ಹೆಸರು ಅಂಟಿಸುತ್ತದೆ, ಪ್ರಕ್ಷೇಪ (ದುಂಡು ಭೂಮಿಯನ್ನು ಸಮತಟ್ಟು ನಕ್ಷೆಗೆ ಇಳಿಸುವ ವಿಧಾನ) ಬದಲಿಸುವುದಿಲ್ಲ. ಬದಲಿಸುವ ಕೆಲಸ ಜಿಡಾಲ್‌ವಾರ್ಪ್‌ನದು.

ನಡುವೆ ಇಮೇಜ್‌ಮ್ಯಾಜಿಕ್‌ನಂಥ ಸಾಮಾನ್ಯ ಚಿತ್ರ ಸಾಧನ ಬಳಸಿದ್ದರೆ ಜಿಯೋ ಟ್ಯಾಗ್‌ಗಳು ಉದುರಿರುತ್ತವೆ. ಮೂಲ ಫೈಲ್ ಇದ್ದರೆ ‘ಲಿಸ್ಟ್‌ಜಿಯೋ’ದಿಂದ ಅವನ್ನು ಪಠ್ಯವಾಗಿ ತೆಗೆದು ‘ಜಿಯೋಟಿಫ್‌ಸಿಪಿ -ಜಿ’ಯಿಂದ ಹೊಸ ಟಿಫ್‌ಗೆ ಸೇರಿಸಬಹುದು. ಚಿತ್ರವನ್ನು ಕತ್ತರಿಸಿರಬಾರದು, ಗಾತ್ರ ಬದಲಿಸಿರಬಾರದು. ಹಾಗೆ ಮಾಡಿದ್ದರೆ ಹಳೆಯ ನಿರ್ದೇಶಾಂಕಗಳು ಸುಳ್ಳಾಗುತ್ತವೆ.

ಕಳಿಸುವ ಮುನ್ನ ಚಿತ್ರವೊಂದನ್ನೇ ಖಾಲಿ ಫೋಲ್ಡರಿಗೆ ನಕಲು ಮಾಡಿ ‘ಜಿಡಾಲ್‌ಇನ್ಫೋ’ ಓಡಿಸಿ. ಮೇಲಿನ ‘ಫೈಲ್ಸ್’ ಸಾಲಿನಲ್ಲಿ ಒಂದೇ ಹೆಸರು ಇರಬೇಕು, ನಿರ್ದೇಶಾಂಕ ವ್ಯವಸ್ಥೆಯೂ ಮೆಟಾಡೇಟಾವೂ ಕಾಣಬೇಕು. ನಕಲು ಬೇಡವೆಂದರೆ ಅದೇ ಆಜ್ಞೆಗೆ ‘--ಕಾನ್ಫಿಗ್ ಜಿಡಾಲ್_ಪ್ಯಾಮ್_ಎನೇಬಲ್ಡ್ ನೋ’ ಸೇರಿಸಿ. ಆಗ ಅದು ಪಕ್ಕದ ಫೈಲನ್ನು ಓದುವುದಿಲ್ಲ.