ಪದ ಪರಿಚಯ: ಅನುದಾನಿತರ ಸಮೀಕ್ಷೆ

ಸಾರ್ವಜನಿಕ ನಿಧಿಯಿಂದ ಹಣ ಪಡೆದು ಒಂದು ಕೆಲಸವನ್ನು ಮಾಡಿದವರೆಲ್ಲರ ಮುಂದೆ ಒಂದೇ ಪ್ರಶ್ನಾವಳಿಯನ್ನಿಟ್ಟು, ಆ ಹಣದಿಂದ ಏನು ಸಾಧ್ಯವಾಯಿತು, ಅದು ಯಾರನ್ನು ತಲುಪಿತು, ಕೆಲಸ ಮುಗಿದ ಮೇಲೂ ಏನು ಉಳಿಯಿತು ಎಂದು ಕೇಳಿ, ಬಂದ ಉತ್ತರಗಳನ್ನು ಒಟ್ಟಾಗಿ ಓದುವ ಕ್ರಮವೇ ಅನುದಾನಿತರ ಸಮೀಕ್ಷೆ. ಇದರಿಂದ ತೂಗಿ ನೋಡುವುದು ಹಣ ಕೊಟ್ಟ ಕಾರ್ಯಕ್ರಮವನ್ನು. ಒಬ್ಬೊಬ್ಬ ಅನುದಾನಿತನ ಕೆಲಸದ ಗುಣಾವಗುಣ ಇಲ್ಲಿ ಮುಖ್ಯ ವಿಷಯವಾಗುವುದಿಲ್ಲ. ನಮ್ಮಲ್ಲಿ ಸರ್ಕಾರದ ಅನುದಾನ ಪಡೆದವರಿಗೆಲ್ಲ ಪರಿಚಿತವಾದ ಹಣ ಬಳಕೆ ಪ್ರಮಾಣಪತ್ರ ಬೇರೆಯೇ ಸಂಗತಿ. ಮಂಜೂರಾದ ಹಣ ಮಂಜೂರಾದ ಉದ್ದೇಶಕ್ಕೆ ಖರ್ಚಾಯಿತು ಎಂಬುದನ್ನಷ್ಟೇ ಅದು ದೃಢಪಡಿಸುತ್ತದೆ. ಆ ಖರ್ಚಿನಿಂದ ಯಾರಿಗೆ ಏನಾಯಿತು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಮಾನವಿಕ ವಿಷಯಗಳ ಕ್ಷೇತ್ರದಲ್ಲಿ ಈ ಕ್ರಮ ಹೇಗೆ ನಡೆಯುತ್ತದೆ ಎಂದು ತಿಳಿಯಲು ಅಮೆರಿಕದ ನ್ಯಾಷನಲ್ ಎಂಡೋಮೆಂಟ್ ಫಾರ್ ದ ಹ್ಯುಮ್ಯಾನಿಟೀಸ್, ಸಂಕ್ಷೇಪವಾಗಿ ಎನ್‌ಇಎಚ್, ಒಳ್ಳೆಯ ಉದಾಹರಣೆ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಸೆಪ್ಟೆಂಬರ್ 29ರಂದು ಸಹಿ ಮಾಡಿದ ಕಾನೂನಿನಿಂದ ಹುಟ್ಟಿದ ಈ ಒಕ್ಕೂಟ ಸರ್ಕಾರದ ಸಂಸ್ಥೆಗೆ 2024ರ ಆರ್ಥಿಕ ವರ್ಷದಲ್ಲಿ ದೊರೆತದ್ದು 20.7 ಕೋಟಿ ಡಾಲರ್. ಇತಿಹಾಸ, ಸಾಹಿತ್ಯ, ಭಾಷೆ, ತತ್ತ್ವಶಾಸ್ತ್ರ ಮೊದಲಾದ ವಿಷಯಗಳಿಗಾಗಿ ಈ ಹಣ ವಿಶ್ವವಿದ್ಯಾಲಯ, ವಸ್ತುಸಂಗ್ರಹಾಲಯ, ಗ್ರಂಥಾಲಯಗಳಿಗೆ, ಬಿಡಿ ವಿದ್ವಾಂಸರಿಗೆ, ರಾಜ್ಯಗಳಲ್ಲೂ ಇತರ ಆಡಳಿತ ಪ್ರದೇಶಗಳಲ್ಲೂ ಇರುವ 56 ಮಾನವಿಕ ಪರಿಷತ್ತುಗಳಿಗೆ ಹಂಚಿಕೆಯಾಗುತ್ತದೆ. ಮೈಸೂರಿನಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೂಲಕ ಭಾರತಕ್ಕೆ ಬಂದ ಹಿರಿಯ ಸಂಶೋಧಕರಲ್ಲಿ ಕೆಲವರ ಫೆಲೋಶಿಪ್‌ಗೂ ಇದೇ ಮೂಲದಿಂದ ಹಣ ಸಂದಿದೆ.

ಇಂಥ ಸಂಸ್ಥೆಯಲ್ಲಿ ಹಣ ಕೊಡುವ ಮೊದಲಿನ ಪರಿಶೀಲನೆ ಬಹಳ ಬಿಗಿ. ಆಯಾ ವಿಷಯದ ತಜ್ಞರು ಅರ್ಜಿಗಳನ್ನು ಓದಿ ಅಂಕ ಕೊಡುತ್ತಾರೆ, ಕಾನೂನಿನ ಪ್ರಕಾರ 26 ಸದಸ್ಯರಿರಬೇಕಾದ ರಾಷ್ಟ್ರೀಯ ಮಂಡಳಿ ಸಲಹೆ ನೀಡುತ್ತದೆ, ಅಂತಿಮ ನಿರ್ಧಾರ ಸಂಸ್ಥೆಯ ಮುಖ್ಯಸ್ಥರದು. ಕೆಲಸ ಮುಗಿದ ಮೇಲಿನ ಪರಿಶೀಲನೆಗೆ ಈ ಬಿಗಿ ಇರುವುದಿಲ್ಲ. ಪ್ರತಿಯೊಬ್ಬ ಅನುದಾನಿತನೂ ಅಂತಿಮ ವರದಿ ಸಲ್ಲಿಸುತ್ತಾನೆ, ನಿಜ. ಆದರೆ ಒಬ್ಬರು ಪ್ರಕಟವಾದ ಪುಸ್ತಕವನ್ನು, ಇನ್ನೊಬ್ಬರು ಪ್ರದರ್ಶನಕ್ಕೆ ಬಂದ ಶಾಲಾ ಮಕ್ಕಳನ್ನು, ಮತ್ತೊಬ್ಬರು ತೇವದಿಂದ ಉಳಿಸಿಕೊಂಡ ಹಳೆಯ ಛಾಯಾಚಿತ್ರಗಳನ್ನು ಕುರಿತು ತಮ್ಮ ತಮ್ಮ ರೀತಿಯಲ್ಲಿ ಬರೆದಿರುವಾಗ, ಆ ವರದಿಗಳನ್ನೆಲ್ಲ ಜೋಡಿಸಿಟ್ಟರೂ ಕಾರ್ಯಕ್ರಮದ ಒಟ್ಟು ಚಿತ್ರ ಮೂಡುವುದಿಲ್ಲ. ಸಮೀಕ್ಷೆ ಬೇಕಾಗುವುದು ಈ ಕೊರತೆಯನ್ನು ತುಂಬುವುದಕ್ಕೆ.

ಪ್ರಶ್ನೆ ಕೇಳುವ ಮೊದಲು ಯಾರನ್ನು ಕೇಳಬೇಕೆಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಹೊರನೋಟಕ್ಕೆ ಸುಲಭವಾಗಿ ಕಾಣುವ ಈ ಹೆಜ್ಜೆಯಲ್ಲೇ ಹೆಚ್ಚಿನ ತೊಡಕಿದೆ. ಎನ್‌ಇಎಚ್ ಶಾಲಾ ಶಿಕ್ಷಕರಿಗಾಗಿ ಬೇಸಿಗೆಯಲ್ಲಿ ಒಂದರಿಂದ ನಾಲ್ಕು ವಾರಗಳ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅಲ್ಲಿ ಹಣ ಪಡೆಯುವುದು ಒಂದು ವಿಶ್ವವಿದ್ಯಾಲಯ, ಕಲಿಯುವವರು ಊರೂರುಗಳಿಂದ ಬಂದ ಶಿಕ್ಷಕರು, ಫಲ ಸೇರಬೇಕಾದದ್ದು ಅವರ ತರಗತಿಗಳ ಮಕ್ಕಳಿಗೆ. ವಿಶ್ವವಿದ್ಯಾಲಯವನ್ನು ಕೇಳಿದರೆ ಶಿಬಿರ ಹೇಗೆ ನಡೆಯಿತೆಂದು ತಿಳಿಯುತ್ತದೆ, ಶಿಕ್ಷಕರನ್ನು ಕೇಳಿದರೆ ಪಾಠ ಹೇಗೆ ಬದಲಾಯಿತೆಂದು ತಿಳಿಯುತ್ತದೆ, ಮಕ್ಕಳ ವಿಚಾರ ಇಬ್ಬರ ಉತ್ತರದಲ್ಲೂ ಊಹೆಯಾಗಿಯೇ ಉಳಿಯುತ್ತದೆ. ಅಮೆರಿಕ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಜೊತೆಗೂಡಿ 2005ರಿಂದ ನಡೆಯುತ್ತಿರುವ ಹಳೆಯ ಪತ್ರಿಕೆಗಳ ಡಿಜಿಟಲೀಕರಣದಲ್ಲಿ ಈ ಅಂತರ ಇನ್ನೂ ಹೆಚ್ಚು. 2 ಕೋಟಿಗೂ ಮಿಕ್ಕ ಪುಟಗಳು ಇಂದು ಯಾರು ಬೇಕಾದರೂ ಓದುವಂತೆ ತೆರೆದಿವೆ; ಆದರೆ ಆ ಪುಟಗಳನ್ನು ಸಿದ್ಧಪಡಿಸಿದ ರಾಜ್ಯ ಗ್ರಂಥಾಲಯಕ್ಕೆ, ದೂರದ ಊರೊಂದರಲ್ಲಿ ಕುಳಿತು ತನ್ನ ಮುತ್ತಜ್ಜನ ಹೆಸರನ್ನು ಅವುಗಳಲ್ಲಿ ಹುಡುಕುತ್ತಿರುವ ಓದುಗ ಯಾರೆಂದು ಗೊತ್ತಾಗುವ ದಾರಿಯೇ ಇಲ್ಲ. ಆದ್ದರಿಂದ ಅನುದಾನಿತರ ಸಮೀಕ್ಷೆ ಎಂಬ ಹೆಸರಿದ್ದರೂ ಒಳ್ಳೆಯ ಸಮೀಕ್ಷೆ ಅನುದಾನಿತರಲ್ಲಿಗೇ ನಿಲ್ಲದೆ, ಅವರ ಮೂಲಕ ಶಿಬಿರಾರ್ಥಿಗಳನ್ನೂ ಸಭಿಕರನ್ನೂ ಬಳಕೆದಾರರನ್ನೂ ಮುಟ್ಟಲು ಯತ್ನಿಸುತ್ತದೆ.

ಪ್ರಶ್ನೆಗಳಲ್ಲಿ ಎಣಿಕೆಯವು ಸುಲಭ: ಎಷ್ಟು ಮಂದಿ ಬಂದರು, ಎಷ್ಟು ಪುಸ್ತಕ ಹೊರಬಂದವು, ಬೇರೆ ಕಡೆಯಿಂದ ಎಷ್ಟು ಹಣ ಕೂಡಿತು. ಕೊನೆಯ ಪ್ರಶ್ನೆಗೆ ವಿಶೇಷ ತೂಕವಿದೆ, ಏಕೆಂದರೆ ಒಕ್ಕೂಟ ಸರ್ಕಾರದಿಂದ ಪಡೆಯುವ ಹಣಕ್ಕೆ ಸರಿಸಮನಾದ ಪಾಲನ್ನು ಬೇರೆ ಮೂಲಗಳಿಂದ ತೋರಿಸುವುದು ರಾಜ್ಯ ಪರಿಷತ್ತುಗಳಿಗೆ ಕಡ್ಡಾಯ. ಸೈನಿಕರೂ ನಿವೃತ್ತ ಯೋಧರೂ ಕೂಡಿ ಪ್ರಾಚೀನ ಕಾವ್ಯವನ್ನೋ ಯುದ್ಧಕಾಲದ ಪತ್ರಗಳನ್ನೋ ಓದಿ ಚರ್ಚಿಸುವ ಕಾರ್ಯಕ್ರಮಕ್ಕೂ ಎನ್‌ಇಎಚ್ ಹಣ ಕೊಟ್ಟಿದೆ. ಅಲ್ಲಿಗೆ ಹದಿನೈದು ಜನ ಬಂದರೆಂಬ ಲೆಕ್ಕ ಏನನ್ನೂ ಹೇಳುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಬದಲಾವಣೆಯನ್ನು. ಇದಕ್ಕೆ ಸಮೀಕ್ಷಕರು ಬಳಸುವ ಒಂದು ಉಪಾಯವೆಂದರೆ, ಮೊದಲು ಹೇಗಿದ್ದಿರಿ, ಈಗ ಹೇಗಿದ್ದೀರಿ ಎಂಬೆರಡನ್ನೂ ಕಾರ್ಯಕ್ರಮದ ಕೊನೆಯಲ್ಲಿ ಒಟ್ಟಿಗೆ ಕೇಳುವುದು. ವಿಷಯದ ಆಳ ತಿಳಿಯದಿದ್ದಾಗ ಮನುಷ್ಯ ತನಗೆ ಸಾಕಷ್ಟು ಗೊತ್ತಿದೆ ಎಂದುಕೊಂಡಿರುವುದು ಸಾಮಾನ್ಯವಾದ್ದರಿಂದ, ಆರಂಭದಲ್ಲೇ ಕೇಳಿ ಬರೆಸಿಕೊಂಡ ಉತ್ತರ ಎಷ್ಟೋ ಸಲ ದಾರಿ ತಪ್ಪಿಸುತ್ತದೆ.

ಪ್ರಶ್ನಾವಳಿಯಲ್ಲಿ ಒಂದೇ ಪ್ರಶ್ನೆಗೆ ಜಾಗವಿದ್ದರೆ ನಾನು ಉಳಿಸಿಕೊಳ್ಳುವುದು ಇದನ್ನು: ಈ ಹಣ ಬಾರದೆ ಇದ್ದಿದ್ದರೆ ಏನಾಗುತ್ತಿತ್ತು? ದೊಡ್ಡ ವಿಶ್ವವಿದ್ಯಾಲಯವೊಂದು ಬೇರೆ ಕಡೆಯಿಂದ ಹಣ ತಂದು ಅದೇ ಕೆಲಸವನ್ನು ಮಾಡಿಬಿಡುತ್ತಿತ್ತು ಎಂದಾದರೆ ಆ ಅನುದಾನದ ಪರಿಣಾಮ ಕಡಿಮೆ. ಒಬ್ಬಿಬ್ಬರು ನೌಕರರ ಸಣ್ಣ ಊರಿನ ವಸ್ತುಸಂಗ್ರಹಾಲಯವು ಕೆಲವೇ ಸಾವಿರ ಡಾಲರುಗಳಲ್ಲಿ ತಜ್ಞರೊಬ್ಬರನ್ನು ಕರೆಸಿ, ತನ್ನ ದಾಖಲೆಗಳನ್ನು ಕಾಪಾಡುವ ವಿಧಾನವನ್ನು ಮೊದಲ ಬಾರಿಗೆ ಕಲಿತಿದ್ದರೆ ಅದೇ ಹಣದ ಪರಿಣಾಮ ಹಲವು ಪಟ್ಟು. ಇದರಲ್ಲೂ ಒಂದು ತೊಡಕಿದೆ: ಉತ್ತರಿಸುವವನು ಹಣ ಪಡೆದವನು, ಮುಂದೆಯೂ ಅರ್ಜಿ ಹಾಕಲಿರುವವನು. ಹಣ ಇಲ್ಲದಿದ್ದರೂ ನಡೆಯುತ್ತಿತ್ತು ಎಂದು ಅವನು ಬರೆಯಲಾರ. ಅರ್ಜಿ ಹಾಕಿ ಹಣ ಸಿಗದವರನ್ನೂ, ಮುಖ್ಯವಾಗಿ ಸ್ವಲ್ಪದರಲ್ಲಿ ಅವಕಾಶ ತಪ್ಪಿದವರನ್ನು, ಅವರ ಯೋಜನೆ ಏನಾಯಿತೆಂದು ಕೇಳಿ ಹೋಲಿಸಿದಾಗಲೇ ಈ ಪ್ರಶ್ನೆಗೆ ನಂಬಬಹುದಾದ ಉತ್ತರ ಸಿಗುತ್ತದೆ. ಹಣ ಕೊಡದೆ ಕಳಿಸಿದವರ ಬಳಿಗೆ ಮತ್ತೆ ಹೋಗುವುದು ಮುಜುಗರದ ಕೆಲಸವಾದರೂ ಅದನ್ನು ಬಿಡಬಾರದು.

ಇದೇ ಕಾರಣಕ್ಕೆ ಪ್ರಶ್ನೆ ಕೇಳುವ ಕೆಲಸವನ್ನು ಮೂರನೆಯವರಿಗೆ ವಹಿಸುವ ರೂಢಿಯಿದೆ. 2001ರಲ್ಲಿ ಆರಂಭವಾದ ಸೆಂಟರ್ ಫಾರ್ ಎಫೆಕ್ಟಿವ್ ಫಿಲಾಂತ್ರಪಿ ಎಂಬ ಅಮೆರಿಕದ ಸಂಸ್ಥೆ ಖಾಸಗಿ ಪ್ರತಿಷ್ಠಾನಗಳ ಪರವಾಗಿ ಅವುಗಳ ಅನುದಾನಿತರನ್ನು ಗೋಪ್ಯವಾಗಿ ವಿಚಾರಿಸಿ, ಯಾರು ಏನೆಂದರು ಎಂಬುದನ್ನು ಬಿಟ್ಟುಕೊಡದೆ ಒಟ್ಟು ಅಭಿಪ್ರಾಯವನ್ನು ಮಾತ್ರ ತಿಳಿಸುತ್ತದೆ. ಅಲ್ಲಿ ಕೇಳುವುದು ಮುಖ್ಯವಾಗಿ ಹಣ ಕೊಟ್ಟವರ ನಡವಳಿಕೆಯ ಬಗ್ಗೆ: ಅರ್ಜಿಯ ಹೊರೆ ಎಷ್ಟು, ಮಾತಿಗೆ ಸಿಗುತ್ತಾರೆಯೇ, ಕ್ಷೇತ್ರವನ್ನು ಅರಿತಿದ್ದಾರೆಯೇ. ಸರ್ಕಾರಿ ಸಂಸ್ಥೆಗೆ ಇನ್ನೊಂದು ಕಟ್ಟುಪಾಡೂ ಇದೆ. 1980ರಲ್ಲಿ ಬಂದು 1995ರಲ್ಲಿ ಪರಿಷ್ಕೃತವಾದ ಪೇಪರ್‌ವರ್ಕ್ ರಿಡಕ್ಷನ್ ಕಾನೂನಿನ ಪ್ರಕಾರ, ಒಕ್ಕೂಟ ಸರ್ಕಾರದ ಯಾವುದೇ ಸಂಸ್ಥೆ ಹತ್ತು ಅಥವಾ ಹೆಚ್ಚು ಜನರಿಗೆ ಒಂದೇ ಬಗೆಯ ಪ್ರಶ್ನೆಗಳನ್ನು ಹಾಕಬೇಕಾದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಶ್ವೇತಭವನದ ಆಯವ್ಯಯ ಕಚೇರಿಯ ಒಪ್ಪಿಗೆ ಪಡೆಯಬೇಕು. ಜನರ ಮೇಲಿನ ಕಾಗದಪತ್ರದ ಹೊರೆ ಇಳಿಸಲೆಂದು ಬಂದ ಈ ಸದುದ್ದೇಶದ ನಿಯಮದಿಂದಾಗಿ ಒಂದು ಸಮೀಕ್ಷೆ ಹೊರಡಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ನ್ಯಾಷನಲ್ ಹ್ಯುಮ್ಯಾನಿಟೀಸ್ ಅಲೈಯನ್ಸ್‌ನಂಥ ಹೊರಗಿನ ಸಂಘಟನೆಗಳು ಎನ್‌ಇಎಚ್ ಅನುದಾನದ ಪರಿಣಾಮಗಳನ್ನು ದಾಖಲಿಸುವ ಕೆಲಸಕ್ಕೆ ಇಳಿದಿವೆ. ಈ ಅಲೈಯನ್ಸ್ ಮಾನವಿಕ ವಿಷಯಗಳ ಪರವಾಗಿ ಶಾಸಕರ ಮುಂದೆ ವಾದಿಸುವ ಸಂಘಟನೆಯೂ ಹೌದು. 2017ರಲ್ಲಿ ಅಧ್ಯಕ್ಷ ಟ್ರಂಪ್ ಮಂಡಿಸಿದ ಆಯವ್ಯಯ ಎನ್‌ಇಎಚ್ಅನ್ನು ಮುಚ್ಚುವ ಪ್ರಸ್ತಾವವನ್ನೇ ಮುಂದಿಟ್ಟಾಗ, ಈ ಹಣದಿಂದ ಏನಾಗಿದೆ ಎಂದು ಊರುಗಳ ಹೆಸರು ಹಿಡಿದು ತೋರಿಸುವುದು ತುರ್ತಾಯಿತು. ಅದು ನ್ಯಾಯವಾದ ತುರ್ತು. ಆದರೆ ಉಳಿಸಿಕೊಳ್ಳಲು ಸಂಗ್ರಹಿಸಿದ ಸಾಕ್ಷ್ಯ, ತಿದ್ದಿಕೊಳ್ಳಲು ಸಂಗ್ರಹಿಸಿದ ಮಾಹಿತಿ ಎರಡೂ ಒಂದೇ ಆಗುವುದಿಲ್ಲ. ಮೊದಲನೆಯದು ಯಶಸ್ಸನ್ನು ಆರಿಸಿಕೊಳ್ಳುತ್ತದೆ, ಎರಡನೆಯದಕ್ಕೆ ಸೋಲೂ ಬೇಕು. ಒಂದೇ ಪ್ರಶ್ನಾವಳಿಯಿಂದ ಎರಡನ್ನೂ ಸಾಧಿಸಲು ಹೊರಟರೆ ಸೋಲಿನ ಪ್ರಶ್ನೆಗಳೇ ಮೊದಲು ಬಿದ್ದುಹೋಗುತ್ತವೆ. ಯಾವ ಉದ್ದೇಶಕ್ಕೆ ಕೇಳುತ್ತಿದ್ದೇವೆ ಎಂಬುದನ್ನು ಉತ್ತರಿಸುವವರಿಗೆ ಮೊದಲೇ ಹೇಳುವುದು ಕನಿಷ್ಠ ಪ್ರಾಮಾಣಿಕತೆ.

2025ರ ಏಪ್ರಿಲ್‌ನಲ್ಲಿ ಎನ್‌ಇಎಚ್ ಈಗಾಗಲೇ ಮಂಜೂರಾಗಿದ್ದ ಅನುದಾನಗಳನ್ನು ದೊಡ್ಡ ಸಂಖ್ಯೆಯಲ್ಲಿ ರದ್ದುಪಡಿಸಿತು, ರಾಜ್ಯ ಪರಿಷತ್ತುಗಳ ಹಣವೂ ಅದರಲ್ಲಿ ಸೇರಿತ್ತು. ಹಳೆಯ ಪ್ರಶ್ನಾವಳಿಗಳೆಲ್ಲ ಕೆಲಸ ಮುಗಿದಿದೆ ಎಂದು ಭಾವಿಸಿ ಬರೆದಂಥವು. ಅರ್ಧಕ್ಕೆ ನಿಂತ ಕೆಲಸಗಳಿಗೆ ಅವು ಹೊಂದುವುದಿಲ್ಲ. ಇಂಥವರನ್ನು ಕೇಳುವಾಗ ಯಾವ ಹುದ್ದೆ ತೆರವಾಯಿತು, ಸರಿಪಾಲು ಕೊಡಲು ಒಪ್ಪಿದ್ದ ದಾನಿಗಳು ಉಳಿದರೇ, ಅರ್ಧ ದಾಖಲಾದ ಮೌಖಿಕ ಇತಿಹಾಸದ ಧ್ವನಿಮುದ್ರಿಕೆಗಳು ಈಗ ಯಾರ ವಶದಲ್ಲಿವೆ, ಸಂದರ್ಶನಕ್ಕೆ ಒಪ್ಪಿದ್ದ ವೃದ್ಧರಲ್ಲಿ ಯಾರ ಮಾತು ಇನ್ನೂ ಬಾಕಿಯಿದೆ ಎಂಬ ಪ್ರಶ್ನೆಗಳನ್ನು ಹೊಸದಾಗಿ ಬರೆದು ಸೇರಿಸಬೇಕಾಗುತ್ತದೆ.