ತೂಕ ಇಳಿಯುವುದು ನಿಂತಾಗ ದೇಹ ಏನು ಮಾಡುತ್ತಿರುತ್ತದೆ?

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ, ಅಂದರೆ ತೂಕ ಇಳಿಸಲು ಜಠರಕ್ಕೆ ಮಾಡುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡ ಬಹಳಷ್ಟು ಜನ ಮೂರನೆಯ ವಾರದ ಆಸುಪಾಸಿನಲ್ಲಿ ಒಮ್ಮೆ ಗಾಬರಿಯಾಗುತ್ತಾರೆ. ಮೊದಲ ದಿನಗಳಲ್ಲಿ ಸರಸರನೆ ಇಳಿಯುತ್ತಿದ್ದ ತೂಕ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಹೊಟ್ಟೆಗೆ ಹೋಗುತ್ತಿರುವುದು ಕೆಲವೇ ಚಮಚ ಆಹಾರ. ಆದರೂ ತೂಕದ ಯಂತ್ರ ದಿನವೂ ಅದೇ ಅಂಕಿ ತೋರಿಸುತ್ತದೆ, ಕೆಲವು ದಿನ ಅರ್ಧ ಕಿಲೋ ಹೆಚ್ಚನ್ನೇ ತೋರಿಸುತ್ತದೆ. ಒಂದೂವರೆ ವರ್ಷ ಕಳೆದ ಮೇಲೆ ಇನ್ನೊಮ್ಮೆ ಹೀಗೆಯೇ ತೂಕ ನಿಲ್ಲುತ್ತದೆ, ಅದೇ ಗಾಬರಿ ಮರಳುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ದೇಹದೊಳಗೆ ಆಗುವುದು ಮಾತ್ರ ಬೇರೆ ಬೇರೆ. ಎರಡನ್ನೂ ಸೋಲು ಎಂದು ತಿಳಿದು, ಎರಡಕ್ಕೂ ‘ಇನ್ನಷ್ಟು ಕಡಿಮೆ ತಿನ್ನಬೇಕು’ ಎಂಬ ಒಂದೇ ಮದ್ದು ಹಿಡಿಯುವುದರಿಂದ ಆಗುವ ಹಾನಿ ದೊಡ್ಡದು.

ಮೊದಲನೆಯದು ಬಹುಮಟ್ಟಿಗೆ ನೀರಿನ ಲೆಕ್ಕ. ನಮ್ಮ ದೇಹದ ಇಂಧನ ಎರಡು ಕಡೆ ಇರುತ್ತದೆ. ಕೊಬ್ಬು ಕಣಜದಲ್ಲಿ ತುಂಬಿಟ್ಟ ಧಾನ್ಯವಾದರೆ, ಯಕೃತ್ತು ಮತ್ತು ಸ್ನಾಯುಗಳಲ್ಲಿರುವ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹ ಅಡುಗೆಮನೆಯ ಡಬ್ಬದಲ್ಲಿ ಕೈಗೆಟಕುವಂತೆ ಇಟ್ಟುಕೊಂಡದ್ದು. ವಯಸ್ಕರ ದೇಹದಲ್ಲಿ ಗ್ಲೈಕೋಜನ್ ಇರುವುದು ಸುಮಾರು ಅರ್ಧ ಕಿಲೋ ಮಾತ್ರ. ಆದರೆ ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ತೀರಾ ಕಡಿಮೆಯಾದ ಮೊದಲ ದಿನಗಳಲ್ಲಿ ದೇಹ ಈ ಸಂಗ್ರಹವನ್ನು ಬಳಸುತ್ತದೆ, ಅದರ ಜೊತೆಗಿದ್ದ ನೀರು ಮೂತ್ರವಾಗಿ ಹೊರಹೋಗುತ್ತದೆ. ಎರಡು ಕಿಲೋದಷ್ಟು ಹೀಗೆ ಇಳಿದುಹೋಗುವುದುಂಟು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಟ್ಟ ದ್ರವವೂ ಅದೇ ದಿನಗಳಲ್ಲಿ ಖಾಲಿಯಾಗುತ್ತದೆ. ಅಂದರೆ ಆರಂಭದ ಆ ಆಕರ್ಷಕ ಇಳಿತದಲ್ಲಿ ಕೊಬ್ಬಿನ ಪಾಲು ನಾವು ಅಂದುಕೊಂಡಷ್ಟು ಇರುವುದಿಲ್ಲ.

ಎರಡು ಮೂರು ವಾರಗಳಾಗುತ್ತಿದ್ದಂತೆ ಆಹಾರ ಸ್ವಲ್ಪ ಹೆಚ್ಚುತ್ತದೆ, ದ್ರವದಿಂದ ಮೆತ್ತಗಿನ ಆಹಾರಕ್ಕೆ ಬದಲಾಗುತ್ತದೆ. ಗ್ಲೈಕೋಜನ್ ಒಂದಿಷ್ಟು ತುಂಬಿಕೊಂಡು ನೀರನ್ನು ಮರಳಿ ಸೆಳೆಯುತ್ತದೆ. ಮಾಯುತ್ತಿರುವ ಗಾಯದ ಊತವೂ ನೀರು ಹಿಡಿಯುತ್ತದೆ. ಮಲಬದ್ಧತೆ ಈ ಹಂತದಲ್ಲಿ ಸಾಮಾನ್ಯ. ಮಹಿಳೆಯರಲ್ಲಿ ಋತುಚಕ್ರಕ್ಕೆ ತಕ್ಕಂತೆ ಒಂದೆರಡು ಕಿಲೋ ಏರಿಳಿಯಬಹುದು. ಕೊಬ್ಬು ಕರಗುತ್ತಲೇ ಇರುತ್ತದೆ. ಮರಳಿದ ನೀರು ಅದನ್ನು ಯಂತ್ರದ ಕಣ್ಣಿನಿಂದ ಮರೆಮಾಡುತ್ತದೆ, ಅಷ್ಟೇ. ಒಂದು ವಾರವೋ ಮೂರು ವಾರವೋ ಕಳೆದ ಮೇಲೆ ಅಂಕಿ ತಾನಾಗಿ ಇಳಿಯತೊಡಗುತ್ತದೆ. ಈ ನಿಲುಗಡೆಗೆ ಬೇಕಿರುವುದು ತಾಳ್ಮೆ, ವೈದ್ಯರು ಹೇಳಿದಷ್ಟು ಪ್ರೊಟೀನ್ ಮತ್ತು ಗುಟುಕು ಗುಟುಕಾಗಿ ಕುಡಿಯುವ ನೀರು. ದಿನಕ್ಕೆ ಹತ್ತು ಸಲ ತೂಕದ ಯಂತ್ರ ಹತ್ತುವುದರಿಂದ ಮನಸ್ಸು ಹಾಳಾಗುವುದೇ ಹೊರತು ಬೇರೇನೂ ತಿಳಿಯುವುದಿಲ್ಲ. ವಾರಕ್ಕೊಮ್ಮೆ, ಅದೇ ಹೊತ್ತಿಗೆ ನೋಡಿದರೆ ಸಾಕು. ಜೊತೆಗೆ ಸೊಂಟದ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಯಂತ್ರ ನಿಂತಲ್ಲೇ ನಿಂತಿದ್ದರೂ ಅಳತೆ ಪಟ್ಟಿ ಇಳಿತವನ್ನು ತೋರಿಸುವುದು ಅಪರೂಪವಲ್ಲ.

ಎರಡನೆಯ ನಿಲುಗಡೆ ಹಾಗಲ್ಲ. ಶಸ್ತ್ರಚಿಕಿತ್ಸೆಯಾಗಿ ಒಂದರಿಂದ ಎರಡು ವರ್ಷದೊಳಗೆ ಬರುವ ಇದು ಇಂಧನದ ಲೆಕ್ಕಾಚಾರ. ಇದನ್ನು ಅರ್ಥಮಾಡಿಕೊಳ್ಳಲು ಶಸ್ತ್ರಚಿಕಿತ್ಸೆ ನಿಜಕ್ಕೂ ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚನ್ನು ತೆಗೆದು ಉಳಿದದ್ದನ್ನು ಕೊಳವೆಯಂತೆ ಮಾಡುತ್ತಾರೆ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವೊಂದನ್ನು ಬೇರ್ಪಡಿಸಿ ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಹೊಟ್ಟೆ ಚಿಕ್ಕದಾಯಿತು, ಅದಕ್ಕೇ ಕಡಿಮೆ ತಿನ್ನುತ್ತಾರೆ ಎಂದು ಎಲ್ಲರೂ ಹೇಳುವುದು ಅರ್ಧ ಸತ್ಯ. ಉಳಿದರ್ಧ ಹಾರ್ಮೋನುಗಳದ್ದು. ಹಸಿವನ್ನು ಕೆರಳಿಸುವ ಗ್ರೆಲಿನ್ ಮುಖ್ಯವಾಗಿ ಜಠರದಲ್ಲಿ ತಯಾರಾಗುತ್ತದೆ. ಸ್ಲೀವ್ ಆದವರಲ್ಲಿ ಅದು ಗಣನೀಯವಾಗಿ ಕುಸಿಯುತ್ತದೆ. ಆಹಾರ ಸಣ್ಣಕರುಳಿನ ಕೆಳಭಾಗವನ್ನು ಬೇಗ ತಲುಪುವುದರಿಂದ ಜಿಎಲ್‌ಪಿ-1, ಪಿವೈವೈ ಎಂಬ ತೃಪ್ತಿಯ ಹಾರ್ಮೋನುಗಳು ಊಟದ ನಂತರ ಹೆಚ್ಚು ಸ್ರವಿಸುತ್ತವೆ. ಚಿಕಿತ್ಸೆ ನಡೆಯುವುದು ಹೊಟ್ಟೆಯಲ್ಲಿ, ಅದರ ಸುದ್ದಿ ಹೋಗುವುದು ಮಿದುಳಿಗೆ.

ಇಷ್ಟಾದರೂ ತೂಕ ಯಾಕೆ ನಿಲ್ಲುತ್ತದೆ? ಸಣ್ಣ ದೇಹಕ್ಕೆ ಸಾಕಾಗುವ ಇಂಧನವೂ ಸಣ್ಣದು ಎಂಬುದು ಮೊದಲ ಕಾರಣ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರ ಲೆಕ್ಕದ ಪ್ರಕಾರ ಒಂದು ಕಿಲೋ ತೂಕದ ವ್ಯತ್ಯಾಸಕ್ಕೆ ದಿನಕ್ಕೆ ಹೆಚ್ಚುಕಡಿಮೆ 24 ಕ್ಯಾಲೊರಿಯ ವ್ಯತ್ಯಾಸ ಸಲ್ಲುತ್ತದೆ. 30 ಕಿಲೋ ಇಳಿಸಿಕೊಂಡವರ ದೇಹ ದಿನಕ್ಕೆ 700 ಕ್ಯಾಲೊರಿಗಿಂತ ಕಡಿಮೆ ಇಂಧನದಲ್ಲಿ ನಡೆಯುತ್ತಿದೆ ಎಂದಲ್ಲ, ಮೊದಲಿಗಿಂತ 700 ಕ್ಯಾಲೊರಿಯಷ್ಟು ಕಡಿಮೆ ಖರ್ಚು ಮಾಡುತ್ತಿದೆ ಎಂದರ್ಥ. ಆರಂಭದಲ್ಲಿ ತೂಕ ಇಳಿಸಿದ ಅದೇ ಊಟ ಈಗ ತೂಕವನ್ನು ಇದ್ದಲ್ಲೇ ಇಡುವ ಊಟವಾಗುತ್ತದೆ. ಇಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ.

ಎರಡನೆಯ ಕಾರಣ ಇನ್ನೂ ಸ್ವಾರಸ್ಯಕರ, ಮತ್ತು ನನ್ನ ಅಭಿಪ್ರಾಯದಲ್ಲಿ ಇನ್ನೂ ಮುಖ್ಯವಾದದ್ದು. 2016ರಲ್ಲಿ ಹಾಲ್ ಅವರ ತಂಡ ಮಧುಮೇಹಕ್ಕೆ ಕೊಡುವ ಒಂದು ಔಷಧದ ಪ್ರಯೋಗದ ಅಂಕಿಅಂಶಗಳನ್ನು ಹೊಸ ದೃಷ್ಟಿಯಿಂದ ಪರಿಶೀಲಿಸಿತು. ಆ ಔಷಧ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ತೆಗೆದುಕೊಳ್ಳುವವರಿಗೆ ತಾವು ಕ್ಯಾಲೊರಿ ಕಳೆದುಕೊಳ್ಳುತ್ತಿರುವುದು ಅರಿವಿಗೇ ಬರುವುದಿಲ್ಲ. ಆದ್ದರಿಂದ ಮನಸ್ಸಿನ ಹಟ, ಪಥ್ಯದ ಸಂಕಲ್ಪ ಇವೆಲ್ಲ ಲೆಕ್ಕದಿಂದ ಹೊರಗೆ ಉಳಿಯುತ್ತವೆ. ತೂಕ ಒಂದು ಕಿಲೋ ಇಳಿದಾಗ ಅವರ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರಿತ್ತು. ಖರ್ಚು ಇಳಿಯುವ ವೇಗಕ್ಕಿಂತ ಹಸಿವು ಏರುವ ವೇಗ ಹಲವು ಪಟ್ಟು ಹೆಚ್ಚು. ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು ಇದರಲ್ಲಿ ಪಾತ್ರಧಾರಿ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಪತ್ತೆಹಚ್ಚಿದ ಈ ಹಾರ್ಮೋನು ಕೊಬ್ಬಿನ ಸಂಗ್ರಹ ಎಷ್ಟಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ, ಮಿದುಳು ಅದನ್ನು ಬರಗಾಲವೆಂದೇ ಓದುತ್ತದೆ.

ಶಸ್ತ್ರಚಿಕಿತ್ಸೆ ಈ ಎಳೆತವನ್ನು ಸಡಿಲಿಸುತ್ತದೆ, ಕಿತ್ತುಹಾಕುವುದಿಲ್ಲ. ಅದಕ್ಕಾಗಿಯೇ ಬರೀ ಪಥ್ಯ ಮಾಡಿದವರಿಗಿಂತ ಶಸ್ತ್ರಚಿಕಿತ್ಸೆ ಆದವರಲ್ಲಿ ತೂಕ ಹೆಚ್ಚು ಕಾಲ ಇಳಿಯುತ್ತದೆ ಮತ್ತು ಹೆಚ್ಚು ಕೆಳಗೆ ಹೋಗಿ ನಿಲ್ಲುತ್ತದೆ. ನಿಲ್ಲುವುದಂತೂ ಖಂಡಿತ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ 32%ರಷ್ಟು ತೂಕ ಕಳೆದುಕೊಂಡಿದ್ದರು. 10 ವರ್ಷದ ಹೊತ್ತಿಗೆ ಆ ಇಳಿತ 25%ರಲ್ಲಿ ನೆಲೆನಿಂತಿತ್ತು. ಸ್ವಲ್ಪ ಮರಳಿ ಬರುವುದು ಈ ಚಿಕಿತ್ಸೆಯ ಸಹಜ ದಾರಿಯ ಭಾಗ ಎಂಬುದನ್ನು ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಬೇಕು. ಹೇಳದೇ ಇರುವುದು ಅನ್ಯಾಯ. ಮೊದಲೇ ಗೊತ್ತಿದ್ದರೆ ಐದು ಕಿಲೋ ಮರಳಿದಾಗ ಯಾರೂ ನಾಚಿಕೆಯಿಂದ ಮುಂದಿನ ತಪಾಸಣೆ ತಪ್ಪಿಸುವುದಿಲ್ಲ. ತಪಾಸಣೆಗೆ ಬರುವುದನ್ನೇ ಬಿಟ್ಟವರಲ್ಲಿ ರಕ್ತಹೀನತೆ, ಬಿ12 ಕೊರತೆ, ಮೂಳೆ ಸವೆತ ಎಲ್ಲವೂ ಸದ್ದಿಲ್ಲದೆ ಬೆಳೆಯುತ್ತವೆ.

‘ಉಪವಾಸ ಮಾಡಿ ಮಾಡಿ ಚಯಾಪಚಯ ಕೆಟ್ಟುಹೋಗಿದೆ’ ಎಂಬ ಭಯವೂ ಅನೇಕರಿಗಿದೆ. ತೂಕ ಇಳಿಸುವ ದೂರದರ್ಶನ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ ಅಮೆರಿಕನ್ನರನ್ನು ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಅವರ ದೇಹ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು. ಅಂಥದೇ ಸ್ಪರ್ಧಿಗಳನ್ನು ಬೈಪಾಸ್ ಆದವರೊಂದಿಗೆ ಹೋಲಿಸಿದ ಅಧ್ಯಯನ ಅದಕ್ಕೂ ಮೊದಲೇ, 2014ರಲ್ಲಿ ಪ್ರಕಟವಾಗಿತ್ತು. ಬೈಪಾಸ್ ಆದವರಲ್ಲಿ ಆರು ತಿಂಗಳಿಗೆ ಕಂಡಿದ್ದ ಈ ಹೆಚ್ಚುವರಿ ಕುಸಿತ ಒಂದು ವರ್ಷದ ಹೊತ್ತಿಗೆ ಮಾಯವಾಗಿತ್ತು. ಆ ಸುದ್ದಿ ಅಷ್ಟು ಹರಡಲಿಲ್ಲ, ಹರಡಬೇಕಿತ್ತು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಸ್ನಾಯುಗಳನ್ನು ಕಾಪಾಡಿಕೊಳ್ಳಬೇಕು. ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಸೇರಿರುತ್ತದೆ, ಊಟ ಇನ್ನಷ್ಟು ಕಡಿತಗೊಳಿಸಿದಷ್ಟೂ ಸ್ನಾಯುವಿನ ನಷ್ಟ ಹೆಚ್ಚುತ್ತದೆ. ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು ಎನ್ನುತ್ತಾರೆ. ದೇಹದ ಗಾತ್ರಕ್ಕೆ ತಕ್ಕಂತೆ ಆಹಾರತಜ್ಞರು ಇದನ್ನು ಹೆಚ್ಚಿಸುತ್ತಾರೆ. ಚಿಕ್ಕ ಹೊಟ್ಟೆಯಲ್ಲಿ ಜಾಗ ಕಡಿಮೆಯಾದ್ದರಿಂದ ತಟ್ಟೆಯಲ್ಲಿ ಪ್ರೊಟೀನ್ ಇರುವುದನ್ನು ಮೊದಲು ತಿಂದು ಮುಗಿಸುವುದು ಜಾಣತನ. ವೈದ್ಯರ ಒಪ್ಪಿಗೆ ಪಡೆದು ಭಾರ ಎತ್ತುವ ಅಥವಾ ದೇಹದ ಭಾರವನ್ನೇ ಬಳಸುವ ವ್ಯಾಯಾಮವನ್ನು ವಾರಕ್ಕೆ ಎರಡು ಮೂರು ದಿನ ಮಾಡಬೇಕು. ನಡಿಗೆ ಒಳ್ಳೆಯದೇ, ಆದರೆ ಸ್ನಾಯುವನ್ನು ಉಳಿಸಿಕೊಳ್ಳಲು ಅದೊಂದೇ ಸಾಲದು. ಇಂಥ ವ್ಯಾಯಾಮ ಆರಂಭಿಸಿದ ವಾರಗಳಲ್ಲಿ ಸ್ನಾಯುಗಳು ನೀರು ಹಿಡಿದು ತೂಕ ತುಸು ಏರಬಹುದು. ಅದನ್ನು ನೋಡಿ ವ್ಯಾಯಾಮವನ್ನೇ ಬಿಡಬಾರದು.

ಆಮೇಲೆ, ಒಂದು ವಾರ ತಿಂದದ್ದು ಕುಡಿದದ್ದನ್ನೆಲ್ಲ ಪ್ರಾಮಾಣಿಕವಾಗಿ ಬರೆದು ನೋಡಬೇಕು. ಊಟದ ಪ್ರಮಾಣ ಚಿಕ್ಕದಾಗಿಯೇ ಇದ್ದು, ದಿನವಿಡೀ ಸ್ವಲ್ಪ ಸ್ವಲ್ಪ ಬಾಯಾಡಿಸುವ ಅಭ್ಯಾಸ ಗಮನಕ್ಕೆ ಬಾರದೆ ಬೆಳೆದಿರಬಹುದು. ಸಿಹಿ ಪಾನೀಯ, ಐಸ್‌ಕ್ರೀಮ್‌ನಂಥ ಕರಗುವ ತಿನಿಸುಗಳು ಚಿಕ್ಕ ಹೊಟ್ಟೆಯಲ್ಲಿ ನಿಲ್ಲದೆ ಇಳಿದುಹೋಗುತ್ತವೆ, ತೃಪ್ತಿ ಕೊಡದೆ ಕ್ಯಾಲೊರಿ ಕೊಡುತ್ತವೆ. ಮದ್ಯದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು: ಬೈಪಾಸ್ ಆದವರಲ್ಲಿ ಅದು ರಕ್ತಕ್ಕೆ ಬೇಗ ಸೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚುತ್ತದೆ. ನಿದ್ರೆ ಕಡಿಮೆಯಾದರೂ ಹಸಿವು ಏರುತ್ತದೆ.

ತಟ್ಟೆಯಲ್ಲಿ ಕಾರಣ ಸಿಗದಿದ್ದರೆ ಔಷಧದ ಪೆಟ್ಟಿಗೆಯಲ್ಲಿ ಹುಡುಕಬೇಕು. ಇನ್ಸುಲಿನ್, ಸ್ಟೆರಾಯ್ಡ್, ಖಿನ್ನತೆ ಮತ್ತು ಮಾನಸಿಕ ಕಾಯಿಲೆಗಳಿಗೆ ಕೊಡುವ ಕೆಲವು ಮಾತ್ರೆಗಳು ತೂಕ ಹೆಚ್ಚಿಸುತ್ತವೆ. ಇವನ್ನು ಸ್ವಂತವಾಗಿ ನಿಲ್ಲಿಸುವಂತಿಲ್ಲ. ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಬೇಕು. ಥೈರಾಯ್ಡ್ ಪರೀಕ್ಷೆಯೂ ಆಗಬೇಕು. ತೂಕ ಬೇಗ ಬೇಗ ಏರುತ್ತಿದ್ದರೆ, ಮೊದಲಿನಷ್ಟೇ ಊಟ ಒಮ್ಮೆಲೇ ಹಿಡಿಸುತ್ತಿದ್ದರೆ, ಹೊಟ್ಟೆಯ ಚೀಲ ಹಿಗ್ಗಿದೆಯೇ, ಬೇರ್ಪಡಿಸಿದ ಭಾಗಗಳ ನಡುವೆ ದಾರಿಯಾಗಿದೆಯೇ ಎಂದು ಶಸ್ತ್ರಚಿಕಿತ್ಸಕರು ಎಂಡೋಸ್ಕೋಪಿ ಮಾಡಿ ನೋಡುತ್ತಾರೆ. ಇನ್ನೊಂದು ಮಾತು: ನಿಲುಗಡೆಗೆ ಹೆದರಿ ಊಟ ಬಿಟ್ಟು, ವಾಂತಿಯೂ ಹಲವು ದಿನ ಮುಂದುವರಿದರೆ ಥಯಾಮಿನ್ ಎಂಬ ವಿಟಮಿನ್ ಬರಿದಾಗುತ್ತದೆ. ನಡಿಗೆ ತೂರಾಡುವುದು, ದೃಷ್ಟಿ ಮಂಜಾಗುವುದು, ಗೊಂದಲ ಇವು ಅದರ ಲಕ್ಷಣಗಳು. ಅಂದೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಅದು.

ನಿಂತ ತೂಕ ನಿಜಕ್ಕೂ ಸಮಸ್ಯೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ರಕ್ತದ ಸಕ್ಕರೆ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಮಂಡಿನೋವು ಸುಧಾರಿಸಿ ನಿಂತಿದ್ದರೆ, ಮನಸ್ಸಿನಲ್ಲಿಟ್ಟುಕೊಂಡ ಅಂಕಿಗೆ ಹತ್ತು ಕಿಲೋ ಬಾಕಿ ಇದ್ದರೂ ಚಿಕಿತ್ಸೆ ತನ್ನ ಕೆಲಸ ಮಾಡಿದೆ. ಸುಧಾರಿಸದಿದ್ದರೆ ಇಂದು ದಾರಿಗಳಿವೆ. ಶಸ್ತ್ರಚಿಕಿತ್ಸೆಯ ನಂತರವೂ ತೂಕ ಸಾಕಷ್ಟು ಇಳಿಯದವರಿಗೆ ಜಿಎಲ್‌ಪಿ-1 ಹಾರ್ಮೋನನ್ನು ಹೋಲುವ ಲಿರಾಗ್ಲುಟೈಡ್ ಚುಚ್ಚುಮದ್ದು ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 24 ವಾರಗಳಲ್ಲಿ ಅವರ ತೂಕ ಸರಾಸರಿ ಸುಮಾರು 9% ಇಳಿದಿತ್ತು. ಹುಸಿ ಔಷಧ ಪಡೆದವರಲ್ಲಿ ಇಳಿತ ಹೆಚ್ಚುಕಡಿಮೆ ಇರಲೇ ಇಲ್ಲ. ಕೆಲವರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದರ ಅಪಾಯ ಮೊದಲನೆಯದಕ್ಕಿಂತ ಹೆಚ್ಚು. ಔಷಧಕ್ಕೂ ಮಿತಿ ಇದೆ: ನಿಲ್ಲಿಸಿದರೆ ಹಸಿವು ಮರಳುತ್ತದೆ. ಎಷ್ಟು ಕಾಲ ತೆಗೆದುಕೊಳ್ಳಬೇಕು, ಖರ್ಚು ಹೇಗೆ, ಅಡ್ಡಪರಿಣಾಮಗಳೇನು ಎಂಬುದನ್ನು ಮೊದಲ ಚುಚ್ಚುಮದ್ದಿಗೂ ಮುನ್ನವೇ ವೈದ್ಯರೊಂದಿಗೆ ಕುಳಿತು ಮಾತಾಡಿಕೊಳ್ಳಬೇಕು.