ಸಿಗಾರಿನ ಕವರ್ ಬಿಚ್ಚಿಡಬೇಕಾ, ಹಾಗೇ ಇಡಬೇಕಾ?

ಪ್ರಶ್ನೆ: ಅಮೆರಿಕದಿಂದ ಬಂದ ಭಾವಮೈದುನ ಒಂದು ಡಬ್ಬಿ ಸಿಗಾರ್ ತಂದುಕೊಟ್ಟಿದ್ದಾನೆ. ಸಿಗಾರಿನ ತೇವ ಹದವಾಗಿ ಕಾಯುವ ಪೆಟ್ಟಿಗೆ, ಹ್ಯೂಮಿಡರ್ ಕೂಡ ತರಿಸಿಕೊಂಡೆ. ಒಳಗಿಡುವ ಮೊದಲು ರ್‍ಯಾಪರ್ ಬಿಚ್ಚಬೇಕೋ, ಹಾಗೇ ಇಡಬೇಕೋ? ಪ್ಲಾಸ್ಟಿಕ್ಕಿನೊಳಗಿದ್ದರೆ ಉಸಿರುಗಟ್ಟಿ ಒಣಗುತ್ತದೆ ಎನ್ನುತ್ತಾರಲ್ಲ?

ಉತ್ತರ: ಹಾಗೇ ಇಡಿ. ಬಿಚ್ಚಿಟ್ಟರೂ ತಪ್ಪಿಲ್ಲ. ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಈ ಪ್ರಶ್ನೆ ಬಂದಾಗಲೆಲ್ಲ ಬಾಲಕ್ಕೆ ಆ ‘ಉಸಿರುಗಟ್ಟುವ’ ಮಾತೂ ಅಂಟಿಕೊಂಡೇ ಬರುತ್ತದೆ. ಈ ಸಲ ಆ ಬಾಲವನ್ನೇ ಹಿಡಿಯೋಣ.

ಅದಕ್ಕೂ ಮೊದಲು ಒಂದು ಮಾತು ತಿದ್ದಿಬಿಡುತ್ತೇನೆ. ಸಿಗಾರಿನ ಲೋಕದಲ್ಲಿ ರ್‍ಯಾಪರ್ ಅಂದರೆ ಪಾರದರ್ಶಕ ಕವರ್ ಅಲ್ಲ. ಒಳಗೆ ತುಂಬಿದ ಎಲೆ ಫಿಲ್ಲರ್, ಅದನ್ನು ಬಿಗಿದು ಹಿಡಿದದ್ದು ಬೈಂಡರ್, ಎಲ್ಲಕ್ಕಿಂತ ಮೇಲೆ ಸುತ್ತಿದ ನುಣುಪಾದ ಎಲೆ ರ್‍ಯಾಪರ್. ಅದನ್ನು ಬಿಚ್ಚಿದರೆ ಸಿಗಾರೇ ಕೆಟ್ಟಿತು. ನೀವು ಕೇಳುತ್ತಿರುವ ಕವರಿಗೆ ಸೆಲ್ಲೋಫೇನ್ ಎಂದು ಹೆಸರು, ಬಾಯಿಮಾತಿನಲ್ಲಿ ಸೆಲ್ಲೋ.

ಈಗ ಉಸಿರಿನ ವಿಚಾರ. ಸಿಗಾರ್ ಉಸಿರಾಡುವುದಿಲ್ಲ, ಅದು ಒಣಗಿ ಹದಗೊಂಡ ಎಲೆ. ಸುತ್ತಲಿನ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಹೀರುತ್ತದೆ, ಕಡಿಮೆಯಿದ್ದರೆ ಬಿಟ್ಟುಕೊಡುತ್ತದೆ, ಅಷ್ಟೇ. ‘ಉಸಿರುಗಟ್ಟಿ ಒಣಗುತ್ತದೆ’ ಎಂಬ ಮಾತು ತನ್ನ ಕಾಲಿಗೆ ತಾನೇ ಎಡವುತ್ತದೆ. ತೇವವನ್ನು ಒಳಗೆ ಬಿಡದ ಹೊದಿಕೆ ಹೊರಗೆ ಮಾತ್ರ ಹೇಗೆ ಬಿಡುತ್ತದೆ? ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಪ್ಪಳ ತಿಂಗಳುಗಟ್ಟಲೆ ಗರಿಗರಿಯಾಗಿರುವುದು ಒಳಬರುವುದೂ ಇಲ್ಲ, ಹೊರಹೋಗುವುದೂ ಇಲ್ಲ ಎಂಬ ಕಾರಣಕ್ಕೆ. ಸೆಲ್ಲೋ ನಿಜಕ್ಕೂ ಗಾಳಿ ಬಿಗಿಯಾಗಿದ್ದಿದ್ದರೆ ಯಾರಿಗೂ ಹ್ಯೂಮಿಡರ್ ಬೇಕೇ ಆಗುತ್ತಿರಲಿಲ್ಲ.

ಅದು ಬಿಗಿಯಲ್ಲ, ಏಕೆಂದರೆ ಅದು ಪ್ಲಾಸ್ಟಿಕ್ಕೇ ಅಲ್ಲ. ಮರದ ತಿರುಳಿನ ಸೆಲ್ಯುಲೋಸನ್ನು ಕರಗಿಸಿ, ತೆಳ್ಳಗೆ ಎಳೆದು ಮಾಡಿದ ಹಾಳೆ. ಪೆಟ್ರೋಲಿಯಮ್ಮಿನ ಸಂತಾನವಲ್ಲ, ಕಾಗದದ ದಾಯಾದಿ. ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ 1908ರಲ್ಲಿ ಇದನ್ನು ರೂಪಿಸಿದರು. ನೀರು ಇದರ ಮೇಲೆ ನಿಲ್ಲುತ್ತಿತ್ತು, ಆದರೆ ನೀರಿನ ಆವಿ ನಿರಾಯಾಸವಾಗಿ ದಾಟುತ್ತಿತ್ತು. ತಿಂಡಿ ಪೊಟ್ಟಣ ಕಟ್ಟುವವರಿಗೆ ಅದೇ ತಲೆನೋವು. 1927ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನತಜ್ಞರು ಆವಿ ತಡೆಯಲೆಂದೇ ಇದಕ್ಕೊಂದು ಲೇಪನ ಕಂಡುಹಿಡಿದರು. ಬರಿಯ ಸೆಲ್ಲೋಫೇನೇ ಆವಿ ತಡೆಯುತ್ತಿದ್ದರೆ ಅಷ್ಟು ಕಷ್ಟ ಯಾಕೆ ಪಡುತ್ತಿದ್ದರು? ಸಿಗಾರಿಗೆ ಹಾಕುವುದು ಸಾಮಾನ್ಯವಾಗಿ ಆವಿ ದಾಟಬಲ್ಲ ಬಗೆಯದು. ವರ್ಷಗಟ್ಟಲೆ ಇಟ್ಟ ಸಿಗಾರಿನ ಸೆಲ್ಲೋ ಜೇನಿನ ಬಣ್ಣಕ್ಕೆ ತಿರುಗಿರುತ್ತದಲ್ಲ, ಅದು ತಂಬಾಕಿನ ಎಣ್ಣೆಯಂಶ ಹಾಳೆಗೆ ಇಳಿದ ಗುರುತು. ಹಳದಿಯಾಯಿತೆಂದು ಎಸೆಯಲು ಹೊರಟವರೂ ಇದ್ದಾರೆ. ಹಾಗೆ ಮಾಡಬೇಡಿ, ಅದು ಚೆನ್ನಾಗಿ ಹಳತಾದ ಸಿಗಾರು.

ಇಷ್ಟಾದರೂ ನಂಬಿಕೆ ಬರದವರು ತೂಗಿ ನೋಡಿ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಸ್ವಲ್ಪ ಒಣಗಿದ ಒಂದೇ ಬಗೆಯ ಎರಡು ಸಿಗಾರ್ ತೆಗೆದುಕೊಳ್ಳಿ. ಒಂದರ ಕವರ್ ಬಿಚ್ಚಿ, ಇನ್ನೊಂದರದ್ದು ಹಾಗೇ ಇರಲಿ. ಎರಡನ್ನೂ 69 ಶೇಕಡಾದ ತೇವದ ಪ್ಯಾಕ್ ಇರುವ ಡಬ್ಬಿಯಲ್ಲಿಟ್ಟು ಎರಡು ದಿನಕ್ಕೊಮ್ಮೆ ತೂಗಿ. ಬರಿಮೈಯದು ಬೇಗ ತೂಕ ಏರಿಸಿಕೊಳ್ಳುತ್ತದೆ, ಕವರಿನದು ನಿಧಾನಿಸುತ್ತದೆ. ವಾರವೋ ಎರಡು ವಾರವೋ ಹಿಂದೆಮುಂದಾಗಿ ಎರಡೂ ಒಂದೇ ಹದಕ್ಕೆ ಬಂದು ನಿಲ್ಲುತ್ತವೆ. ಸೆಲ್ಲೋ ಬಾಗಿಲು ಮುಚ್ಚುವುದಿಲ್ಲ, ಪರದೆ ಎಳೆಯುತ್ತದೆ. ಮುಚ್ಚಳ ಪದೇಪದೇ ತೆಗೆಯುವವರಿಗೆ ಆ ನಿಧಾನವೇ ಲಾಭ, ಏರಿಳಿತದ ಪೆಟ್ಟು ಎಲೆಗೆ ನೇರವಾಗಿ ತಾಗುವುದಿಲ್ಲ.

ಒಂದು ಅಪವಾದವಿದೆ. ಕೆಲವು ಅಗ್ಗದ ಸಿಗಾರುಗಳ ಕವರ್ ನಿಜವಾಗಿಯೂ ಪ್ಲಾಸ್ಟಿಕ್, ಅಂದರೆ ಪಾಲಿಪ್ರೊಪಿಲೀನ್. ಸಿಗಾರ್ ಹೊರತೆಗೆದು ಕವರಿನ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಸೆಲ್ಲೋ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ಮಣಿಗಟ್ಟುತ್ತದೆ. ಮಣಿಗಟ್ಟಿದರೆ ಕವರ್ ಬಿಚ್ಚಿ ಇಡಿ. ಅಲ್ಯೂಮಿನಿಯಂ ಕೊಳವೆಯಲ್ಲಿ ಬಂದಿದ್ದರೆ ಮುಚ್ಚಳ ತೆಗೆದು ಕೊಳವೆಸಮೇತ ಇಡಬಹುದು. ಕ್ಯೂಬಾದ ಕೈಸುತ್ತಿನ ಸಿಗಾರುಗಳಿಗೆ ಸಾಮಾನ್ಯವಾಗಿ ಸೆಲ್ಲೋ ಇರುವುದೇ ಇಲ್ಲ. ಈ ಗೊಂದಲ ಹೆಚ್ಚಾಗಿ ಡೊಮಿನಿಕನ್, ನಿಕರಾಗುವಾ, ಹೊಂಡುರಾಸ್ ಸಿಗಾರು ಇಟ್ಟುಕೊಂಡವರದ್ದು.

ಹತ್ತಿಪ್ಪತ್ತು ಬಗೆ ಬೆರೆಸಿ ಇಡುವವರು, ಆಗಾಗ ಕೈಯಾಡಿಸುವವರು, ಜೇಬಿನಲ್ಲಿಟ್ಟು ಒಯ್ಯುವವರು ಕವರ್ ಇರಿಸಿಕೊಳ್ಳಲಿ. ಒಂದೇ ಬಗೆಯನ್ನು ವರ್ಷಗಟ್ಟಲೆ ಹಳತಾಗಲು ಬಿಡುವವರು, ಪೆಟ್ಟಿಗೆಯ ಮರದ ಪರಿಮಳ ಎಲೆಗೆ ಹತ್ತಲಿ ಎನ್ನುವವರು ಬಿಚ್ಚಲಿ. ಬಿಚ್ಚುವಾಗ ಮಡಚಿದ ತುದಿಯನ್ನು ಬಿಡಿಸಿ ಸಿಗಾರನ್ನು ಮೆಲ್ಲಗೆ ಜಾರಿಸಿ. ಎಳೆದರೆ ಸಿಗಾರಿಗೆ ಸುತ್ತಿದ ಕಾಗದದ ಉಂಗುರ ಸಿಕ್ಕಿಕೊಂಡು ಎಲೆ ಹರಿಯುತ್ತದೆ. ವೆನಿಲಾ, ರಮ್ಮಿನ ವಾಸನೆ ಹಾಕಿದವು ಕವರಿದ್ದರೂ ಬೇರೆ ಡಬ್ಬಿಗೇ ಹೋಗಲಿ.

ಕವರಿಗೆ ಇಷ್ಟು ತಲೆಕೆಡಿಸಿಕೊಂಡವರು ಹ್ಯೂಮಿಡರಿನ ತೇವಮಾಪಕ ಸರಿಯಿದೆಯೇ ಎಂದು ಕೇಳುವುದೇ ಇಲ್ಲ. ಪೆಟ್ಟಿಗೆಯೊಂದಿಗೆ ಬರುವ ಮುಳ್ಳಿನ ಮಾಪಕ ಸುಳ್ಳು ಹೇಳುವುದರಲ್ಲಿ ನಿಸ್ಸೀಮ. ಬಾಟಲಿ ಮುಚ್ಚಳಕ್ಕೆ ಒಂದು ಚಮಚ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಚಿಮುಕಿಸಿ. ಉಪ್ಪು ಕರಗಿ ನೀರಾಗಬಾರದು. ಮಾಪಕದ ಜೊತೆ ಜಿಪ್‌ಲಾಕ್ ಚೀಲದಲ್ಲಿ ಮುಚ್ಚಿ ಒಂದು ದಿನ ಬಿಡಿ. ಒಳಗಿನ ತೇವ 75 ಶೇಕಡಾಕ್ಕೆ ಬಂದಿರುತ್ತದೆ. ಮಾಪಕ 71 ತೋರಿಸಿದರೆ ಅದು ಯಾವಾಗಲೂ ನಾಲ್ಕು ಕಡಿಮೆ ಹೇಳುತ್ತದೆ ಎಂದರ್ಥ. ಮಂಗಳೂರಿನ ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದೂ ಗಾಳಿಯ ತೇವ ಇದೇ 75 ದಾಟಿದಾಗ. ಸಿಗಾರಿಗೆ ಬೇಕಾದದ್ದು 65ರಿಂದ 70.

ತೇವದಷ್ಟೇ ಮುಖ್ಯವಾದದ್ದು ಶಾಖ, ಅದನ್ನಂತೂ ಯಾರೂ ಕೇಳಿಲ್ಲ. ಸುಮಾರು 24 ಡಿಗ್ರಿ ದಾಟಿದರೆ ತಂಬಾಕಿನ ಹುಳುವಿನ ಮೊಟ್ಟೆ ಒಡೆಯುವ ಭಯ. ಕಲಬುರಗಿ, ರಾಯಚೂರಿನ ಬೇಸಿಗೆಯ ಮಾತು ಹಾಗಿರಲಿ, ಬೆಂಗಳೂರಿನ ಏಪ್ರಿಲ್ ಸಾಕು. ಎಲೆಯ ಮೇಲೆ ಗುಂಡುಸೂಜಿ ತೂರಿಸಿದಂಥ ತೂತು, ಸೆಲ್ಲೋದೊಳಗೆ ಕಂದು ಹುಡಿ ಕಂಡರೆ ಹುಳು ಬಿತ್ತೆಂದೇ ಲೆಕ್ಕ. ಸೆಲ್ಲೋ ಅದನ್ನು ತಡೆಯುವುದಿಲ್ಲ, ಹುಳು ಕವರನ್ನೂ ಕೊರೆದುಕೊಂಡು ಹೊರಬರುತ್ತದೆ. ತೂತು ಬಿದ್ದದ್ದನ್ನು ಎಸೆಯಿರಿ. ಉಳಿದವನ್ನು ಕವರ್ ಸಮೇತ ಎರಡು ಜಿಪ್‌ಲಾಕ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ, ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ. ಆಮೇಲೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಒಂದು ದಿನ, ಹೊರಗೆ ಅರ್ಧ ದಿನ. ಅಲ್ಲಿಯವರೆಗೆ ಚೀಲ ಬಿಚ್ಚಕೂಡದು. ಅವಸರಪಟ್ಟು ಬಿಚ್ಚಿದರೆ ತಣ್ಣನೆಯ ಎಲೆಯ ಮೇಲೆ ನೀರಹನಿ ಕೂತು, ಎಲೆ ಉಬ್ಬಿ ಸೀಳುತ್ತದೆ.

ಈ ಹುಳು ನಿಮಗೆ ಹೊಸಬನೇನಲ್ಲ. ಮನೆಯ ಒಣಮೆಣಸಿನಕಾಯಿ, ಅರಿಸಿನದ ಕೊಂಬು ಕುಟ್ಟೆ ಹಿಡಿದಾಗ ಡಬ್ಬಿಯ ತಳದಲ್ಲಿ ಹರಿದಾಡುವ ಆ ಪುಟ್ಟ ಕಂದು ಜೀವ ಎಷ್ಟೋ ಸಲ ಇದೇ. ಹಾಗಾಗಿ ಹ್ಯೂಮಿಡರನ್ನು ಇನ್ನೆಲ್ಲಾದರೂ ಇಡಿ, ಸಾಂಬಾರ ಸಾಮಾನಿನ ಕಪಾಟಿನಲ್ಲಿ ಮಾತ್ರ ಬೇಡ.